ಕಾಗೆ, ತಾಳೆಹಣ್ಣು ಮತ್ತು ಮಂಗನ ಕಾಯಿಲೆ



ಕಾಗೆಯೊಂದು ಹಾರಿ ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಗಳಿಗೆಗೆ ಮಾಗಿದ ಹಣ್ಣೊಂದು ತೊಟ್ಟು ಕಳಚಿ ನೆಲಕ್ಕೆ ಬಿತ್ತು. ಕೆಳಗೆ ನಿಂತಿದ್ದವನು, 'ಕಾಗೆ ಹಣ್ಣನ್ನು ಕೆಡವಿತು' ಎಂದು ಊರಿಗೆಲ್ಲ ಹೇಳಿದ. ನಮ್ಮ ಹಿರಿಯರು ಇದನ್ನು ಕಾಕತಾಳೀಯ ನ್ಯಾಯವೆಂದು ಕರೆದರು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಕಾರಣ, ಎರಡನೆಯದು ಕಾರ್ಯ ಎಂದು ಹೇಳಲಾಗದು ಎಂಬುದು ಅದರ ತಾತ್ಪರ್ಯ.

ಈ ಕಾಗೆ ನಮ್ಮ ಮನೆಗಳ ಸೂರಿನ ಮೇಲೂ ದಿನವೂ ಬಂದು ಕೂರುತ್ತದೆ. ತಾಯಿತ ಕಟ್ಟಿದೆವು, ಮೂರನೆಯ ದಿನ ಜ್ವರ ಬಿಟ್ಟಿತು. ಹೊಸ ಗೊಬ್ಬರ ಹಾಕಿದೆವು, ಅಡಿಕೆಯ ಗೊನೆ ತುಂಬಿ ಬಂತು. ಹುಡುಗ ಹೊಸ ಪಾಠದ ಮನೆಗೆ ಸೇರಿದ, ಗಣಿತದಲ್ಲಿ ಪಾಸಾದ. ಇವೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ, ನಿಜವೂ ಇರಬಹುದು. ಆದರೆ ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ತಾಯಿತವಿಲ್ಲದೆಯೂ ಮೂರನೆಯ ದಿನ ಬಿಡುವ ಜ್ವರಗಳು ಎಷ್ಟಿಲ್ಲ! ಆ ವರ್ಷ ಮಳೆ ಚೆನ್ನಾಗಿದ್ದರೆ ಗೊಬ್ಬರ ಹಾಕದ ನೆರೆಯವನ ತೋಟದಲ್ಲೂ ಗೊನೆ ತುಂಬಿರಬಹುದಲ್ಲ!

ವಿಜ್ಞಾನದ ಈ ಮಾತಿಗೆ ಕನ್ನಡ ಪಂಡಿತನೇಕೆ ಎಂದು ನೀವು ಕೇಳಬಹುದು. ವಿಜ್ಞಾನ ಪ್ರದರ್ಶನದ ಕಾಲ ಬಂತೆಂದರೆ ಹೈಸ್ಕೂಲಿನ ಮಕ್ಕಳು ನನ್ನ ಬಳಿಗೆ ಬಂದು, 'ಸಾರ್, ಹೈಪಾಥಿಸಿಸ್ ಎಂದರೆ ಕನ್ನಡದಲ್ಲಿ ಏನು? ವೇರಿಯಬಲ್ ಎಂದರೆ ಏನು? ಕಂಟ್ರೋಲ್ ಎಂದರೆ ಏನು?' ಎಂದು ಕೇಳುತ್ತಾರೆ. ಶಬ್ದ ಹೇಳಿಕೊಡಬೇಕಾದರೆ ಅರ್ಥ ತಿಳಿದಿರಬೇಕು. ಅರ್ಥ ಹುಡುಕುತ್ತ ಹೋದರೆ, ಪಂಡಿತ ಪರೀಕ್ಷೆಗೆ ಓದಿದ ತರ್ಕದ ಪಾಠವೇ ಎದುರಿಗೆ ಬಂದು ನಿಲ್ಲುತ್ತದೆ.

ಮೂರು ಶಬ್ದಗಳನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದು ಪ್ರಾಕ್ಕಲ್ಪನೆ. ಪ್ರಾಕ್ ಎಂದರೆ ಮೊದಲು. ಪರೀಕ್ಷೆಗೆ ಮೊದಲೇ ಕಟ್ಟಿಕೊಂಡ ಕಲ್ಪನೆ. ಆದರೆ ಎಲ್ಲ ಊಹೆಯೂ ಪ್ರಾಕ್ಕಲ್ಪನೆಯಲ್ಲ. 'ಎಲ್ಲ ವಿಧಿಯಾಟ' ಎಂಬುದು ಊಹೆ. ಅದು ಯಾವ ಸಂಗತಿಯಿಂದಲೂ ಸೋಲುವುದಿಲ್ಲ. ಏನಾದರೂ ವಿಧಿಯೇ, ಏನಾಗದಿದ್ದರೂ ವಿಧಿಯೇ. ಪ್ರಾಕ್ಕಲ್ಪನೆ ಹಾಗಲ್ಲ. 'ನನ್ನ ಮಾತು ನಿಜವಾದರೆ ಇಂಥದು ಕಾಣಬೇಕು. ಕಾಣದೆ ಹೋದರೆ ನಾನು ಸೋತೆ' ಎಂದು ಮುಂಚಿತವಾಗಿ ಒಪ್ಪಿಕೊಂಡು ಕಣಕ್ಕಿಳಿಯುವುದೇ ಪ್ರಾಕ್ಕಲ್ಪನೆ.

ಎರಡನೆಯದು ಚರ. ಬದಲಾಗುವುದೆಲ್ಲ ಚರ. ನಾವು ಬೇಕೆಂದೇ ಬದಲಾಯಿಸುವುದು ಸ್ವತಂತ್ರ ಚರ. ಅದರಿಂದಾಗಿ ಬದಲಾಗುವುದೋ ಎಂದು ನಾವು ಕಾದು ನೋಡುವುದು ಅವಲಂಬಿತ ಚರ. ಇವೆರಡಲ್ಲದೆ, ಕರೆಯದೆ ಬರುವ ನೆಂಟರ ಹಾಗೆ ಹತ್ತಾರು ಚರಗಳು ಸುತ್ತಲೂ ಇರುತ್ತವೆ. ಅವನ್ನು ಕದಲದಂತೆ ಕೂರಿಸುವುದೇ ಪ್ರಯೋಗದ ಅರ್ಧ ಕೆಲಸ.

ಮೂರನೆಯದು ಕಂಟ್ರೋಲ್. ಇದಕ್ಕೆ ಪುಸ್ತಕಗಳಲ್ಲಿ ನಿಯಂತ್ರಣವೆಂದು ಬರೆಯುತ್ತಾರೆ. ನಿಯಂತ್ರಣವೆಂದರೆ ಮಕ್ಕಳಿಗೆ ಪೊಲೀಸಿನವರು ನೆನಪಾಗುತ್ತಾರೆ. ಕನ್ನಡದಲ್ಲಿ ಬೇರೊಂದು ಒಳ್ಳೆಯ ಮಾತಿದೆ: ತಾಳೆ ನೋಡುವುದು. ಅಂಗಡಿಯ ಲೆಕ್ಕವನ್ನು ತಾಳೆ ನೋಡುತ್ತೇವೆ, ನಕಲನ್ನು ಮೂಲದ ಜೊತೆ ತಾಳೆ ನೋಡುತ್ತೇವೆ. ನಾವು ಬದಲಾಯಿಸಿದ ಒಂದು ಸಂಗತಿಯನ್ನು ಬಿಟ್ಟು ಉಳಿದೆಲ್ಲದರಲ್ಲೂ ಸಮನಾಗಿರುವ ಜೊತೆಗಾರನೇ ಪ್ರಯೋಗದ ತಾಳೆ. ತಾಳೆಯ ಮರದ ಕಾಗೆಗೆ ತಾಳೆ ನೋಡುವುದೇ ಮದ್ದು!

ಅಡುಗೆಮನೆಯ ಉದಾಹರಣೆ ಕೊಡುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಹಾಲು ಬೇಗ ಹೆಪ್ಪುಗಟ್ಟುವುದಿಲ್ಲ. ಮನೆಯಾಕೆ ನೆರೆಮನೆಯಿಂದ ಹೊಸ ಹೆಪ್ಪು ತಂದರು. ಅಂದೇ ರಾತ್ರಿ ಪಾತ್ರೆಯನ್ನು ಒಲೆಯ ಮಗ್ಗುಲಿಗೆ ಸರಿಸಿದರು. ಅಂದು ಬಂದ ಹಾಲೂ ಬೇರೆ ಹಸುವಿನದು. ಬೆಳಿಗ್ಗೆ ಎದ್ದರೆ ಗಡ್ಡೆಯಂಥ ಮೊಸರು. 'ಆ ಮನೆಯ ಹೆಪ್ಪಿನ ಗುಣವೇ ಗುಣ' ಎಂಬ ಕೀರ್ತಿ ಬೀದಿಯಲ್ಲಿ ಹಬ್ಬಿತು. ಆದರೆ ಕೀರ್ತಿ ಯಾರಿಗೆ ಸಲ್ಲಬೇಕು? ಹೆಪ್ಪಿಗೋ, ಒಲೆಯ ಬಿಸುಪಿಗೋ, ಹಾಲಿನ ಗಟ್ಟಿತನಕ್ಕೋ? ಮೂರೂ ಒಟ್ಟಿಗೆ ಬದಲಾದುದರಿಂದ ಯಾರೂ ಹೇಳಲಾರರು.

ಈಗ ಇದನ್ನೇ ಪ್ರಯೋಗವಾಗಿ ಮಾಡೋಣ. ಒಂದೇ ಹಸುವಿನ ಹಾಲು, ಒಂದೇ ಪಾತ್ರೆಯಲ್ಲಿ ಕಾಯಿಸಿ ಉಗುರುಬೆಚ್ಚಗೆ ಆರಿಸಿದ್ದು. ಒಂದೇ ಅಳತೆಯ ಮೂರು ಬಟ್ಟಲು, ಮೂರನ್ನೂ ಒಂದೇ ಕಡೆ ಇಡಬೇಕು. ಮೊದಲನೆಯದಕ್ಕೆ ಹಳೆಯ ಹೆಪ್ಪು ಒಂದು ಚಮಚೆ, ಎರಡನೆಯದಕ್ಕೆ ಹೊಸ ಹೆಪ್ಪು ಒಂದು ಚಮಚೆ, ಮೂರನೆಯದಕ್ಕೆ ಏನೂ ಇಲ್ಲ. ಈಗ ಬದಲಾದದ್ದು ಹೆಪ್ಪು ಒಂದೇ. ಬೆಳಿಗ್ಗೆ ಎರಡನೆಯ ಬಟ್ಟಲು ಮಾತ್ರ ಗಟ್ಟಿಯಾಗಿದ್ದರೆ ಹೊಸ ಹೆಪ್ಪಿಗೆ ಜಯ. ಮೊದಲೆರಡೂ ಸಮವಾಗಿದ್ದರೆ ನೆರೆಮನೆಯ ಕೀರ್ತಿ ಅಷ್ಟಕ್ಕೇ. ಖಾಲಿ ಬಟ್ಟಲೇಕೆ ಎಂದು ಮಕ್ಕಳು ಕೇಳುತ್ತಾರೆ. ಅದೇ ಅತ್ಯಂತ ಮುಖ್ಯ ಸಾಕ್ಷಿ. ಹೆಪ್ಪಿಲ್ಲದ ಹಾಲು ತಾನಾಗಿ ಏನಾಗುತ್ತಿತ್ತು ಎಂಬುದನ್ನು ಹೇಳುವುದು ಅದೊಂದೇ. ಇಷ್ಟಾದ ಮೇಲೂ ಒಂದು ರಾತ್ರಿಯ ಫಲವನ್ನು ನಂಬದೆ ನಾಲ್ಕಾರು ರಾತ್ರಿ ಮಾಡಿ ನೋಡಬೇಕು.

ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ವಯ, ವ್ಯತಿರೇಕ ಎಂಬ ಹೆಸರುಗಳಿವೆ. ಹೊಗೆ ಇರುವಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವಂತೆ, ಇದು ಅನ್ವಯ. ಬೆಂಕಿ ಇಲ್ಲದಲ್ಲಿ ಹೊಗೆಯಿಲ್ಲ, ಮಡುವಿನಲ್ಲಿ ಇಲ್ಲದಂತೆ, ಇದು ವ್ಯತಿರೇಕ. ತಾಯಿತ ಕಟ್ಟಿದವರ ಜ್ವರ ಬಿಟ್ಟಿತು ಎಂಬುದು ಅನ್ವಯ ಮಾತ್ರ. ಕಟ್ಟದವರ ಜ್ವರ ಏನಾಯಿತು ಎಂಬ ವ್ಯತಿರೇಕವನ್ನು ನಾವು ನೋಡಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂದರೆ ತಪ್ಪು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ ಎಂದು ತಾರ್ಕಿಕರು ತೋರಿಸಿದರು. ಹೊಗೆ ಬರುವುದು ಬೆಂಕಿಗೆ ಹಸಿ ಸೌದೆ ಸೇರಿದಾಗ. ನಮ್ಮ ಕಣ್ಣು ತಪ್ಪಿಸಿ ನಡುವೆ ನಿಂತ ಈ ಹಸಿ ಸೌದೆಗೆ ಅವರು ಉಪಾಧಿ ಎಂದರು. ಪ್ರಯೋಗ ಮಾಡುವವರ ನಿದ್ದೆ ಕೆಡಿಸುವ ಕರೆಯದ ನೆಂಟ ಇದೇ.

ಭದ್ರಾವತಿಯ ಜನಕ್ಕೆ ಕಾದ ಕಬ್ಬಿಣದ ಗುಂಡನ್ನು ಪುಸ್ತಕದಲ್ಲಿ ಓದಬೇಕಾದ ಅಗತ್ಯವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಎದ್ದ ಇಲ್ಲಿನ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿ ಹರಿಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಸುಣ್ಣಕಲ್ಲು, ಊದುವ ಬಿಸಿಗಾಳಿ ಎಲ್ಲವೂ ಸೇರಿ ಕುಲುಮೆಯಲ್ಲಿ ಕಬ್ಬಿಣವಾಗುತ್ತಿತ್ತು. ಅಂಥ ಕುಲುಮೆಯಲ್ಲಿ ಒಂದೇ ದಿನ ಅದಿರನ್ನೂ ಇದ್ದಿಲನ್ನೂ ಬದಲಾಯಿಸಿದರೆ, ಮರುದಿನದ ಕಬ್ಬಿಣ ಪೆಡಸಾದದ್ದು ಯಾವುದರಿಂದ ಎಂದು ಹೇಳುವವರಾರು? ಒಂದನ್ನು ಬದಲಾಯಿಸು, ಉಳಿದದ್ದನ್ನು ಹಾಗೇ ಇಡು ಎಂಬುದು ಕುಲುಮೆಯ ಮುಂದೆ ನಿಂತವರಿಗೂ ಹೆಪ್ಪು ಹಾಕುವವರಿಗೂ ಒಂದೇ ನಿಯಮ.

ನಮ್ಮ ಹಿರಿಯರು ಎಲ್ಲವನ್ನೂ ಹೇಳಿ ಮುಗಿಸಿದ್ದರು ಎಂದು ಜಂಬಪಡಲು ಈ ಮಾತನ್ನು ಎತ್ತಲಿಲ್ಲ. ತಾರ್ಕಿಕನು ವ್ಯತಿರೇಕವನ್ನು ಲೋಕದಲ್ಲಿ ಹುಡುಕಿದ. ಪ್ರಯೋಗ ಮಾಡುವವನು ಅದನ್ನು ತನ್ನ ಕೈಯಿಂದಲೇ ಏರ್ಪಡಿಸುತ್ತಾನೆ, ಅಳೆಯುತ್ತಾನೆ, ಎಣಿಸುತ್ತಾನೆ. ಆ ವ್ಯತ್ಯಾಸ ದೊಡ್ಡದು. ಎಷ್ಟು ದೊಡ್ಡದು ಎಂಬುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ಕಥೆಯೇ ಸಾಕ್ಷಿ.

1957ರ ಬೇಸಗೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿವೆ, ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ಉರಿಜ್ವರ, ತಲೆಸಿಡಿತ, ಮೈಕೈ ಮುರಿಯುವ ನೋವು ಎಂಬ ಸುದ್ದಿ ಹಬ್ಬಿತು. ಕೆಲವರಿಗೆ ರಕ್ತಸ್ರಾವ, ಕೆಲವರಿಗೆ ಸಾವು. ಪುಣೆಯಲ್ಲಿ 1952ರಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿ ಬಂದರು. ಇಂದು ಅದಕ್ಕೆ ರಾಷ್ಟ್ರೀಯ ವೈರಾಣು ಸಂಸ್ಥೆಯೆಂದು ಹೆಸರು.

ಅವರ ಮೊದಲ ಪ್ರಾಕ್ಕಲ್ಪನೆ ಹಳದಿ ಜ್ವರ. ಅದಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಹಳದಿ ಜ್ವರ ಬಂತೆಂದೇ ಅರ್ಥ. ಅದನ್ನು ಹರಡುವ ಜಾತಿಯ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಆದರೆ ಆ ರೋಗ ಭಾರತಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಕಾಲಿಟ್ಟಿದ್ದರೆ ದೇಶಕ್ಕೇ ಗಂಡಾಂತರ. ಆದರೆ ಭಯ ಎಷ್ಟೇ ದೊಡ್ಡದಾದರೂ ಪುರಾವೆಯಾಗದು. ಹಳದಿ ಜ್ವರವೇ ಆಗಿದ್ದರೆ, ಸತ್ತ ಮಂಗದಿಂದಲೂ ರೋಗಿಯ ರಕ್ತದಿಂದಲೂ ತೆಗೆದ ವೈರಸ್ಸು ಹಳದಿ ಜ್ವರದ ವೈರಸ್ಸಿಗೆ ತಾಳೆಯಾಗಬೇಕು. ತಾಳೆ ನೋಡಿದರು, ಆಗಲಿಲ್ಲ. ಅದು ಯಾರೂ ಕಂಡಿರದ ಹೊಸ ವೈರಸ್ಸು. ಅದರ ನೆಂಟಸ್ತನವಿದ್ದದ್ದು ರಷ್ಯದ ವಸಂತ-ಬೇಸಗೆಯ ಮಿದುಳು ಜ್ವರದ ವೈರಸ್ಸಿನ ಕುಲದೊಂದಿಗೆ. ಮೊದಲ ಪ್ರಾಕ್ಕಲ್ಪನೆ ಹೀಗೆ ಸೋತಿತು. ಅದರ ಸೋಲಿನಿಂದ ದೇಶ ನಿಟ್ಟುಸಿರು ಬಿಟ್ಟಿತು.

ರಷ್ಯದ ಆ ಕುಲದ ವೈರಸ್ಸುಗಳು ಹರಡುವುದು ಉಣುಗಿನಿಂದ. ದನದ ಮೈಗೂ ಕಾಡಿಗೆ ಹೋಗಿ ಬಂದವರ ಕಾಲಿಗೂ ಕಚ್ಚಿಕೊಳ್ಳುವ ಉಣುಗು ನಿಮಗೆಲ್ಲ ಗೊತ್ತು. ಆದ್ದರಿಂದ ಎರಡನೆಯ ಪ್ರಾಕ್ಕಲ್ಪನೆ: ಇಲ್ಲಿಯೂ ಉಣುಗೇ ವಾಹಕ. ಅದು ನಿಜವಾದರೆ ಕಾಡಿನ ಉಣುಗುಗಳಲ್ಲಿ ಇದೇ ವೈರಸ್ಸು ಸಿಗಬೇಕು. ಕಾಡಿನ ನೆಲದಲ್ಲಿ ಉಣುಗುಗಳನ್ನು ಹಿಡಿದು, ಜಾತಿವಾರು ಬೇರ್ಪಡಿಸಿ ಪರೀಕ್ಷಿಸಿದರು. ಹೀಮಾಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯ ಉಣುಗಿನಲ್ಲಿ ವೈರಸ್ಸು ಸಿಕ್ಕಿತು. ಮಳೆ ನಿಂತು ಒಣಹವೆ ಬಂದಾಗ ರೋಗ ತಲೆಯೆತ್ತುವುದೇಕೆ ಎಂಬುದಕ್ಕೂ ಉತ್ತರ ದೊರೆಯಿತು. ಎಳೆಯ ಉಣುಗುಗಳು ಹೆಚ್ಚಾಗುವ ಕಾಲ ಅದೇ.

ಮೂರನೆಯ ಪ್ರಶ್ನೆ: ರಷ್ಯದ ವೈರಸ್ಸಿನ ನೆಂಟ ಮಲೆನಾಡಿಗೆ ಬಂದದ್ದು ಹೇಗೆ? ಸೈಬೀರಿಯದ ಕಡೆಯಿಂದ ವಲಸೆ ಬರುವ ಹಕ್ಕಿಗಳು ಹೊತ್ತು ತಂದವೇ ಎಂಬ ಊಹೆ ಹುಟ್ಟಿತು. ಹೆಸರಾಂತ ಪಕ್ಷಿತಜ್ಞ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸ ಕೈಗೊಂಡರು. ಹಕ್ಕಿಗಳ ಮೇಲಿನ ಆರೋಪಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ಬೆಲೆಬಾಳುವ ತಿಳಿವಳಿಕೆ ಬಂತು. ಸರಿಯಾಗಿ ಪರೀಕ್ಷೆಗೊಡ್ಡಿದ ಪ್ರಾಕ್ಕಲ್ಪನೆ ಸೋತರೂ ಬರಿಗೈಯಲ್ಲಿ ಹೋಗುವುದಿಲ್ಲ.

ಇಷ್ಟು ರೋಗದ ಕಾರಣದ ಮಾತಾಯಿತು. ಇನ್ನು ಲಸಿಕೆಯ ಮಾತು. ತಾಳೆ ನೋಡುವುದು ಇಲ್ಲಿ ಪ್ರಾಣದ ಪ್ರಶ್ನೆಯೇ ಆಗುತ್ತದೆ.

ವೈರಸ್ಸುಗಳೆರಡೂ ನೆಂಟರಾದ ಮೇಲೆ ರಷ್ಯದ ರೋಗಕ್ಕೆ ಮಾಡಿದ ಲಸಿಕೆ ನಮ್ಮ ರೋಗಕ್ಕೂ ನಾಟಬೇಕಲ್ಲವೇ? ಕೇಳುವುದಕ್ಕೆ ಎಷ್ಟು ಸಮಂಜಸವಾಗಿದೆ! ಆ ಲಸಿಕೆಯನ್ನು ತರಿಸಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೊಟ್ಟು ನೋಡಿದರು. ಅದರಿಂದ ರಕ್ಷಣೆ ದೊರೆಯಲಿಲ್ಲ. ಲಸಿಕೆ ಪಡೆದವರನ್ನು ಮಾತ್ರ ನೋಡಿದ್ದರೆ ಅವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇದ್ದರು; 'ಲಸಿಕೆ ಫಲಿಸಿತು' ಎಂದು ಡಂಗುರ ಹೊಡೆಯಬಹುದಿತ್ತು. ಆದರೆ ಲಸಿಕೆ ಪಡೆಯದವರಲ್ಲೂ ಹೆಚ್ಚಿನವರು ಆರೋಗ್ಯವಾಗಿಯೇ ಇರುತ್ತಾರೆ. ಖಾಲಿ ಬಟ್ಟಲಿನ ಮಹಿಮೆ ಇದು.

ಬಳಿಕ ಕ್ಯಾಸನೂರಿನ ವೈರಸ್ಸಿನಿಂದಲೇ, ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ತಯಾರಾಯಿತು. 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಅದರ ಫಲವನ್ನು ಅಳೆದಾಗ, ಒಂದು ಸಲ ಪಡೆದವರಿಗೆ ಶೇಕಡ 79.3, ಎರಡು ಸಲ ಪಡೆದವರಿಗೆ ಶೇಕಡ 93.5 ರಕ್ಷಣೆಯೆಂದು ಲೆಕ್ಕ ಬಂತು. ಈ ಶೇಕಡದ ಅರ್ಥವನ್ನು ಬಿಡಿಸಿ ಹೇಳುತ್ತೇನೆ. ಲಸಿಕೆಯಿಲ್ಲದ ಒಂದು ಗುಂಪಿನಲ್ಲಿ 100 ಮಂದಿಗೆ ಕಾಯಿಲೆ ಬಂದರೆ, ಅಷ್ಟೇ ದೊಡ್ಡದಾದ, ಎರಡು ಸಲ ಲಸಿಕೆ ಪಡೆದ ಗುಂಪಿನಲ್ಲಿ ಆರೇಳು ಮಂದಿಗೆ ಬರುತ್ತದೆ. ಲಸಿಕೆಯಿಲ್ಲದವರ ಎಣಿಕೆಯಿಲ್ಲದೆ ಈ ಮಾತಿಗೆ ಅರ್ಥವೇ ಇಲ್ಲ.

ಮುಂದೆ 2005ರಿಂದ 2010ರವರೆಗಿನ ಲೆಕ್ಕವನ್ನು ಮತ್ತೆ ತಾಳೆ ನೋಡಿದರು. ಅದು 2013ರಲ್ಲಿ ಪ್ರಕಟವಾಯಿತು. ಒಂದು ಸಲದ ಲಸಿಕೆಯಿಂದ ರಕ್ಷಣೆಯೇ ಕಾಣಲಿಲ್ಲ. ಎರಡು ಸಲಕ್ಕೆ ಶೇಕಡ 62.4, ಮೇಲೊಂದು ಬಲವರ್ಧಕ ಚುಚ್ಚುಮದ್ದನ್ನೂ ಪಡೆದವರಿಗೆ ಶೇಕಡ 82.9. ಅದೇ ಲಸಿಕೆ, ಅದೇ ಮಲೆನಾಡು. ಅಂಕಿ ಮಾತ್ರ ಇಳಿದಿದೆ. ಯಾವ ಚರ ಬದಲಾಯಿತು? ಲಸಿಕೆಯ ಸತ್ತ್ವವೇ? ಚುಚ್ಚುಮದ್ದುಗಳ ನಡುವಣ ಅಂತರವೇ? ಅಥವಾ ಅಳೆದ ರೀತಿಯೇ?

ಇಲ್ಲಿ ನಮ್ಮ ಹಸಿ ಸೌದೆಯನ್ನು ನೆನೆಯಿರಿ. ಲಸಿಕೆ ಬೇಕೆಂದು ಮುಂದೆ ಬಂದವರು, ಬೇಡವೆಂದು ಹಿಂದುಳಿದವರು ಎಂದು ಜನ ತಾವೇ ಎರಡು ಪಾಲಾದರೆ, ಆ ಪಾಲುಗಳು ನಿಜವಾಗಿ ಸಮವೇ? ಮುಂದೆ ಬಂದವನು ಎಚ್ಚರದ ಮನುಷ್ಯ. ಕಾಡಿಗೆ ಹೋಗುವ ಮೊದಲು ಮೈಗೆ ಎಣ್ಣೆ ಸವರಿಕೊಳ್ಳುವವನೂ ಬಂದ ಮೇಲೆ ಬಿಸಿನೀರಿನಲ್ಲಿ ಮೈ ಉಜ್ಜಿಕೊಳ್ಳುವವನೂ ಅವನೇ ಇರಬಹುದು. ಆಗ ಅವನ ಎಚ್ಚರದ ಫಲವೂ ಲಸಿಕೆಯ ಖಾತೆಗೆ ಜಮೆಯಾಗುತ್ತದೆ. ಇನ್ನೊಂದು ಕಡೆ, ಮಂಗ ಸತ್ತ ಅಥವಾ ರೋಗ ಕಂಡ ಜಾಗದ ಸುತ್ತ ಐದು ಕಿಲೋಮೀಟರಿನ ಹಳ್ಳಿಗಳಿಗೆ ಲಸಿಕೆ ಎಂಬುದು ನಡೆದುಬಂದ ಪದ್ಧತಿಯಾಗಿತ್ತು. ಅಲ್ಲಿ ಅಪಾಯವೇ ಹೆಚ್ಚು. ದೂರದ ಹಳ್ಳಿಯವರೊಡನೆ ಅವರನ್ನು ಹೋಲಿಸಿದರೆ ಒಳ್ಳೆಯ ಲಸಿಕೆಯೂ ಸಪ್ಪೆಯಾಗಿ ಕಂಡೀತು.

ಈ ತೊಡಕಿಗೆ ವಿಜ್ಞಾನಿಗಳು ಕಂಡುಕೊಂಡ ಉಪಾಯ ಬಹಳ ಸರಳ: ಚೀಟಿ ಎತ್ತುವುದು. ಯಾರಿಗೆ ಲಸಿಕೆ, ಯಾರು ತಾಳೆಯ ಗುಂಪು ಎಂಬುದನ್ನು ಡಾಕ್ಟರೂ ಆರಿಸಬಾರದು, ಜನರೂ ಆರಿಸಬಾರದು, ಚೀಟಿ ಆರಿಸಬೇಕು. ಆಗ ಎಚ್ಚರದವರು, ಅಜಾಗರೂಕರು, ಸೊಪ್ಪಿನಬೆಟ್ಟಕ್ಕೆ ಹೋಗುವವರು, ಮನೆಯಲ್ಲೇ ಇರುವವರು ಎಲ್ಲ ಎರಡು ಕಡೆಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುತ್ತಾರೆ. ನಮಗೆ ಹೆಸರೇ ಗೊತ್ತಿಲ್ಲದ ಉಪಾಧಿಗಳೂ ಹಂಚಿಹೋಗುತ್ತವೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊಡುವವರಿಗೂ ಪಡೆಯುವವರಿಗೂ ಎಣಿಕೆ ಮುಗಿಯುವ ತನಕ ತಿಳಿಯದಿದ್ದರೆ ಇನ್ನೂ ಉತ್ತಮ. ಆಸೆಯೂ ಒಂದು ಚರ.

'ತಾಳೆಯ ಗುಂಪಿನವರನ್ನು ಲಸಿಕೆಯಿಲ್ಲದೆ ಬಿಡುವುದು ಕ್ರೂರವಲ್ಲವೇ?' ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಲಸಿಕೆ ಕಾಯುತ್ತದೆಂದು ಗೊತ್ತಾದ ಮೇಲೂ ಬಿಟ್ಟರೆ ಕ್ರೂರವೇ. ಗೊತ್ತಾಗುವ ಮೊದಲು ಎಲ್ಲರಿಗೂ ಕೊಟ್ಟು, ಕಾಯುತ್ತದೆಂದು ನಂಬಿಸುವುದು ಅದಕ್ಕಿಂತ ಕ್ರೂರವಾಗಬಹುದು. ದರಗು ಗುಡಿಸಲು, ಸೌದೆ ತರಲು, ದನ ಕಾಯಲು ಕಾಡಿಗೆ ಹೋಗುವ ಹೆಂಗಸು, ತೋಳಿಗೆ ಚುಚ್ಚಿಸಿಕೊಂಡಿದ್ದೇನೆಂಬ ಧೈರ್ಯದಿಂದ ಎಣ್ಣೆ ಸವರಿಕೊಳ್ಳುವುದನ್ನು ಬಿಟ್ಟರೆ, ಫಲವಿಲ್ಲದ ಲಸಿಕೆ ಆಕೆಯ ಕೈಯಲ್ಲಿದ್ದ ರಕ್ಷಣೆಯನ್ನೂ ಕಸಿದಂತಾಗುತ್ತದೆ. ರಕ್ಷಣೆ ಸಾಲದೆಂದು ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸದೊಂದರ ತಯಾರಿಯಲ್ಲಿ ತೊಡಗಿದೆ. ಅದು ಬಂದಾಗ ನಾವು ಕೇಳಬೇಕಾದ ಪ್ರಶ್ನೆ 'ಎಷ್ಟು ಜನಕ್ಕೆ ಕೊಟ್ಟಿರಿ?' ಎಂಬುದಲ್ಲ, 'ಯಾರೊಡನೆ ತಾಳೆ ನೋಡಿದಿರಿ?' ಎಂಬುದು. ಅಲ್ಲಿಯವರೆಗೆ ಉಣುಗು ದೂರವಿಡುವ ಎಣ್ಣೆ, ಮೈಮುಚ್ಚುವ ಬಟ್ಟೆ, ಮತ್ತು ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವುದು, ಇವೇ ನಮ್ಮ ಕೈಯಲ್ಲಿರುವ ಸಾಧನಗಳು.

ಮನೆಯ ಹಿರಿಯರಲ್ಲಿ ಕೊನೆಯದಾಗಿ ಒಂದು ಬಿನ್ನಹ. ವಿಜ್ಞಾನ ಪ್ರದರ್ಶನವೆಂದರೆ ನಮ್ಮ ಮಕ್ಕಳು ರಟ್ಟಿನ ಜ್ವಾಲಾಮುಖಿಗೆ ಕೆಂಪು ಬಣ್ಣ ಬಳಿದು ತರುತ್ತಾರೆ. ನೋಡಲು ಚೆನ್ನ, ಆದರೆ ಅದರಲ್ಲಿ ಪ್ರಶ್ನೆಯಿಲ್ಲ, ಸೋಲುವ ಸಂಭವವೂ ಇಲ್ಲ. ಅದರ ಬದಲು ಹತ್ತು ಮಡಕೆಗಳಿಗೆ ಒಂದೇ ಮಣ್ಣು ತುಂಬಿ, ಒಂದೇ ಚೀಲದ ಅವರೆ ಬೀಜ ಬಿತ್ತಲು ಹೇಳಿ. ಚೀಟಿ ಎತ್ತಿ ಐದಕ್ಕೆ ಗೊಬ್ಬರ ಹಾಕಲಿ, ಐದನ್ನು ಹಾಗೆಯೇ ಬಿಡಲಿ. ನೀರು, ಬಿಸಿಲು ಎಲ್ಲಕ್ಕೂ ಸಮನಾಗಿರಲಿ. ದಿನವೂ ಅಳೆದು ಪುಸ್ತಕದಲ್ಲಿ ಬರೆಯಲಿ. ಗೊಬ್ಬರ ಹಾಕಿದ ಗಿಡ ಕುಳ್ಳಾಗಿ, ಹಾಕದ್ದು ಎತ್ತರವಾಗಿ ಬೆಳೆದರೆ ಮಗು ಅಳುಮುಖ ಮಾಡಿಕೊಂಡು ಬಂದೀತು. ಆಗ, 'ಅಂಕಿಯನ್ನು ತಿದ್ದಬೇಡ ಮಗು, ಕಂಡದ್ದನ್ನೇ ಬರೆ' ಎಂದು ಹೇಳಿ. ಆ ಪುಸ್ತಕವನ್ನು ಜೋಪಾನವಾಗಿಟ್ಟು ಮುಂದಿನ ವರ್ಷ ಮತ್ತೆ ಬಿತ್ತಿಸಿ.